ಬೆಂಚಿನ ವೈಸ್ ಕೈಕೊಟ್ಟಾಗ: ಹೊಸದು ತರುವ ಮುನ್ನ ನೋಡಬೇಕಾದದ್ದು

ಹಲಗೆಯನ್ನು ವೈಸ್‌ಗೆ (ಬಡಗಿ ಬೆಂಚಿಗೆ ಕಟ್ಟಿದ, ಸ್ಕ್ರೂ ತಿರುಗಿಸಿ ಎರಡು ದವಡೆಗಳ ನಡುವೆ ಮರವನ್ನು ಬಿಗಿಹಿಡಿಯುವ ಸಾಧನಕ್ಕೆ) ಕಚ್ಚಿಸಿ ಅಂಚು ಕೀಸಲು ಶುರು ಮಾಡಿರುತ್ತೀರಿ. ನಾಲ್ಕನೇ ಸಲ ಕೀಸುಳಿ ತಳ್ಳುವಷ್ಟರಲ್ಲಿ ಹಲಗೆಯ ಮುಂದಿನ ತುದಿ ಎರಡು ಬೆರಳು ಕೆಳಗೆ ಕೂತಿರುತ್ತದೆ. ಇನ್ನಷ್ಟು ಬಿಗಿ ಮಾಡುತ್ತೀರಿ. ಮತ್ತೆ ಜಾರುತ್ತದೆ. ಆಗ ಮನಸ್ಸಿಗೆ ಬರುವುದು ಒಂದೇ ಮಾತು: ಈ ವೈಸ್ ಸಾಲದು, ದೊಡ್ಡದು ತರಬೇಕು.

ನಾನೂ ಹಾಗೇ ಮಾಡಿದೆ. 7 ಇಂಚಿನದನ್ನು ಬಿಚ್ಚಿ 9 ಇಂಚಿನದನ್ನು ಕೂರಿಸಿದೆ. ಜಾರುವುದು ನಿಲ್ಲಲಿಲ್ಲ. ತಪ್ಪು ವೈಸಿನದಾಗಿರಲಿಲ್ಲ, ಕೂರಿಸಿದವನದು. ಆ ಕತೆ ಮುಂದೆ ಬರುತ್ತದೆ. ಅವತ್ತಿನಿಂದ ನನಗೆ ಅನ್ನಿಸಿರುವುದು ಇಷ್ಟು: ವೈಸ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೂರು ಜಾಗದಲ್ಲಿ ಇರುತ್ತದೆ. ದವಡೆಗೆ ಹಾಕಿದ ಮರದ ಪಟ್ಟಿಯಲ್ಲಿ, ಬೆಂಚಿಗೆ ಕಟ್ಟಿದ ರೀತಿಯಲ್ಲಿ, ಇಲ್ಲವೇ ಆ ವೈಸ್ ಮಾಡಲಾರದ ಕೆಲಸವನ್ನು ಅದರಿಂದ ಮಾಡಿಸುವುದರಲ್ಲಿ. ನಿಜವಾಗಿ ಕೆಟ್ಟುಹೋದ ವೈಸ್ ಕಡಿಮೆ.

ಕೆಳಗೆ ಲಕ್ಷಣದ ಪ್ರಕಾರ ಬರೆದಿದ್ದೇನೆ. ನಿಮಗೆ ಕಾಣುತ್ತಿರುವ ಲಕ್ಷಣದಿಂದಲೇ ಓದಲು ಶುರು ಮಾಡಬಹುದು. ಆದರೆ ಬೆಂಚಿನ ಕೆಳಗೆ ತಲೆ ಹಾಕುವ ಮೊದಲು ಮುಂದಿನ ಪ್ಯಾರಾ ಮಾತ್ರ ಬಿಡಬೇಡಿ.

ಬೆಂಚಿನ ಕೆಳಗೆ ಹೋಗುವ ಮುನ್ನ

9 ಇಂಚಿನ ಬೀಡು ಕಬ್ಬಿಣದ ವೈಸ್ ಸುಮಾರು 15 ಕಿಲೋ ತೂಗುತ್ತದೆ. ಕೊನೆಯ ಬೋಲ್ಟ್ ಬಿಚ್ಚಿದ ಕ್ಷಣ ಅದು ನಿಮ್ಮ ಎದೆಯ ಮೇಲೆ ಬೀಳಬಾರದು. ಕೆಳಗೆ ಮರದ ತುಂಡುಗಳನ್ನು ಪೇರಿಸಿ ಆಸರೆ ಕೊಟ್ಟು ಆಮೇಲೆ ಬಿಚ್ಚಿ. ಆಗುವುದಾದರೆ ಇಬ್ಬರು ಸೇರಿ ಬೆಂಚನ್ನೇ ಬೋರಲು ಹಾಕಿ ಕೆಲಸ ಮಾಡಿ, ಅದು ಇನ್ನೂ ಸುಲಭ. ಕ್ವಿಕ್ ರಿಲೀಸ್ ವೈಸ್ ಆದರೆ, ಅಂದರೆ ಲಿವರ್ ಒತ್ತಿದರೆ ಹಿಡಿ ತಿರುಗಿಸದೆಯೇ ದವಡೆ ಸರಿಯುವಂಥದ್ದಾದರೆ, ಇನ್ನೊಂದು ಎಚ್ಚರ ಬೇಕು. ಬೆಂಚನ್ನು ವಾಲಿಸಿದಾಗ ಲಿವರ್‌ಗೆ ಕೈ ತಾಗಿದರೆ ಮುಂದಿನ ದವಡೆ ಸರ್ರನೆ ಹೊರಗೆ ಬರುತ್ತದೆ. ಅದು ಪೂರ್ತಿ ಕಳಚಿ ಬೀಳದಂತೆ, ದವಡೆಯ ಜೊತೆ ಸರಿಯುವ ಗೈಡ್ ರಾಡಿನ ಹಿಂದಿನ ತುದಿಯಲ್ಲಿ ಒಂದು ತಡೆ ಪಿನ್ ಇರುತ್ತದೆ. ಹಳೆಯ ವೈಸುಗಳಲ್ಲಿ ಆ ಪಿನ್ ಎಷ್ಟೋ ಸಲ ಇರುವುದೇ ಇಲ್ಲ. ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಇವತ್ತೇ ಹಾಕಿ. ಕಾಲ್ಬೆರಳಿಗಿಂತ ಪಿನ್ ಅಗ್ಗ.

ಎಷ್ಟು ಬಿಗಿ ಮಾಡಿದರೂ ಹಲಗೆ ಜಾರುತ್ತದೆ

ಮೊದಲು ಬಲದ ಲೆಕ್ಕ ನೋಡೋಣ. ಹಿಡಿಯನ್ನು ನಡುವಿನಿಂದ 150 ಮಿ.ಮೀ. ದೂರದಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ನಿಮ್ಮ ಕೈ ಸುಮಾರು 940 ಮಿ.ಮೀ. ಓಡುತ್ತದೆ. ಒಂದು ಸುತ್ತಿಗೆ 6 ಮಿ.ಮೀ. ಸರಿಯುವ ಸ್ಕ್ರೂ ಆದರೆ ದವಡೆ ಅಷ್ಟೇ ಮುಂದೆ ಬರುತ್ತದೆ. ಅಂದರೆ ಕಾಗದದ ಮೇಲೆ 150 ಪಟ್ಟಿಗೂ ಹೆಚ್ಚು ಬಲ. ಮುಕ್ಕಾಲು ಪಾಲು ತಿಕ್ಕಾಟದಲ್ಲೇ ಹೋಯಿತು ಅಂದುಕೊಳ್ಳಿ. ಆಗಲೂ ನೀವು 10 ಕಿಲೋ ಒತ್ತಿದರೆ ದವಡೆ 400 ಕಿಲೋ ಹತ್ತಿರ ಒತ್ತುತ್ತದೆ. ಒಂದು ಹಲಗೆ ಹಿಡಿಯಲು ಇಷ್ಟು ಬೇಕಾದಷ್ಟಾಯಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬಲ ಸಾಕಾ ಅಂತಲ್ಲ, ಬಲ ಎಲ್ಲಿ ಬೀಳುತ್ತಿದೆ ಅಂತ.

ಅದನ್ನು ತಿಳಿಯಲು ಹಳೇ ಪೇಪರಿನ ನಾಲ್ಕು ಪಟ್ಟಿ ಸಾಕು. ಬೆರಳಗಲ ಹರಿದುಕೊಳ್ಳಿ. ಎರಡೂ ಮುಖ ಸಮನಾಗಿ ಕೀಸಿದ, ಒಂದೇ ದಪ್ಪದ ಹಲಗೆಯೊಂದನ್ನು ದವಡೆಗಳ ನಡುವೆ ಇಡಿ. ಮುಂದಿನ ದವಡೆಯ ನಾಲ್ಕು ಮೂಲೆಯಲ್ಲಿ ಒಂದೊಂದು ಪಟ್ಟಿ ಸಿಕ್ಕಿಸಿ, ಎರಡು ಬೆರಳಲ್ಲಿ ಹಿಡಿ ತಿರುಗಿಸಿ ಮೆಲ್ಲಗೆ ಮುಚ್ಚಿ. ಈಗ ಒಂದೊಂದಾಗಿ ಎಳೆದು ನೋಡಿ.

ಮೇಲಿನ ಎರಡು ಪಟ್ಟಿ ಹರಿದರೂ ಬರಬಾರದು. ಕೆಳಗಿನ ಎರಡು ಸ್ವಲ್ಪ ತಡೆದು ಈಚೆ ಬರಬೇಕು. ಇದು ಸರಿಯಾದ ಲಕ್ಷಣ. ಒಳ್ಳೆಯ ವೈಸುಗಳಲ್ಲಿ ಮುಂದಿನ ದವಡೆಯ ಮೇಲ್ಭಾಗ ಬೇಕೆಂದೇ ಕೂದಲೆಳೆಯಷ್ಟು ಒಳಕ್ಕೆ ಬಾಗಿರುತ್ತದೆ. ಮೊದಲು ಮೇಲಂಚು ತಾಗಿ, ಬಿಗಿ ಏರಿದಂತೆ ಉಳಿದ ಭಾಗವೂ ಬಂದು ಕೂರಲಿ ಅಂತ.

ಕೆಳಗಿನ ಪಟ್ಟಿಗಳು ಸಿಕ್ಕಿಕೊಂಡು ಮೇಲಿನವು ಸಲೀಸಾಗಿ ಬಂದರೆ ನಿಮ್ಮ ಜಾರಾಟದ ಗುಟ್ಟು ಸಿಕ್ಕಿತು. ಕೀಸುಳಿಯ ಒತ್ತಡ ಬೀಳುವುದು ಮೇಲೆ, ಹಲಗೆಯನ್ನು ಹಿಡಿದಿರುವುದು ಕೆಳಗೆ. ಒಂದೇ ಬದಿಯ ಎರಡು ಪಟ್ಟಿ ಮಾತ್ರ ಸಿಕ್ಕಿಕೊಂಡರೆ ಮರದ ಪಟ್ಟಿಯ ದಪ್ಪ ಎರಡು ತುದಿಯಲ್ಲಿ ಬೇರೆಬೇರೆ ಇದೆ. ಒಂದೇ ಮೂಲೆ ಹಿಡಿದಿದ್ದರೆ ಪಟ್ಟಿ ತಿರುಚಿಕೊಂಡಿದೆ.

ಮೂರಕ್ಕೂ ಮದ್ದು ಒಂದೇ, ಕಾಸಿನ ಖರ್ಚೂ ಇಲ್ಲ. ದವಡೆಯ ಮರದ ಪಟ್ಟಿ ಬಿಚ್ಚಿ, ಸಡಿಲ ಇರುವ ಕಡೆ ಹಿಂದೆ ರಟ್ಟಿನ ಚೂರು ಇಟ್ಟು ಮತ್ತೆ ಹಾಕಿ. ಪೇಪರ್ ಪರೀಕ್ಷೆ ಮಾಡಿ. ಸರಿ ಬಂದ ಮೇಲೆ, ರಟ್ಟಿನ ಬದಲು ಪಟ್ಟಿಯನ್ನೇ ಅಷ್ಟು ಓರೆಯಾಗಿ ಕೀಸಿಕೊಂಡರೆ ಕಾಯಂ ಪರಿಹಾರ. ಕೆಳಗೆ ಬಿಡುವ ಸಂದು ಒಂದು ಮಿ.ಮೀ. ಒಳಗೇ ಇರಲಿ. ಜಾಸ್ತಿ ಓರೆ ಮಾಡಿದರೆ ಹಲಗೆಯ ಮೇಲೆ ಅಂಚಿನ ಗೆರೆ ಬೀಳುತ್ತದೆ.

ಮೂಲೆಗಳೆಲ್ಲ ಸರಿಯಾಗಿದ್ದೂ ಜಾರಿದರೆ ಪಟ್ಟಿಯ ಮುಖ ನೋಡಿ. ಮೇಣ, ಎಣ್ಣೆ, ವಾರ್ನಿಷ್ ಮೆತ್ತಿ ಕನ್ನಡಿಯಂತೆ ಹೊಳೆಯುತ್ತಿದೆಯಾ? ಎರಡು ಸಲ ಕೀಸುಳಿ ಎಳೆದರೆ ಹೊಸ ಮರ ಬರುತ್ತದೆ. ತೇಗದಲ್ಲಿ ಹುಟ್ಟಿನಿಂದಲೇ ಎಣ್ಣೆಯಂಶ ಇರುವುದರಿಂದ ನಾನು ಅದನ್ನು ಪಟ್ಟಿಗೆ ಹಾಕುವುದಿಲ್ಲ. ಇನ್ನೂ ಹಿಡಿತ ಬೇಕೆಂದರೆ 2-3 ಮಿ.ಮೀ. ದಪ್ಪದ ಚರ್ಮವನ್ನು ಒರಟು ಮುಖ ಹೊರಗೆ ಬರುವಂತೆ ಅಂಟಿಸಿ. ಒಂದೇ ದವಡೆಗೆ ಅಂಟಿಸಿದರೂ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಕೆಲವರು ಉಪ್ಪುಕಾಗದ ಅಂಟಿಸುತ್ತಾರೆ. ಬೇಡ. ಅದರ ಹರಳು ಉದುರಿ ಮರದಲ್ಲಿ ಕೂರುತ್ತದೆ, ಆಮೇಲೆ ನಿಮ್ಮ ಕೀಸುಳಿಯ ಬಾಯಿ ಹಾಳು.

ಒಂದು ಬದಿಯಲ್ಲಿ ಕಚ್ಚಿಸಿದರೆ ದವಡೆ ಸೊಟ್ಟ ತಿರುಗುತ್ತದೆ

ಇದು ದೋಷವಲ್ಲ, ವೈಸಿನ ಹುಟ್ಟುಗುಣ. ಸ್ಕ್ರೂ ಮತ್ತು ಗೈಡ್ ರಾಡುಗಳು ನಡುವೆ ಇರುತ್ತವೆ. ಉದ್ದದ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕೆಂದರೆ ನಡುವೆ ಜಾಗವಿಲ್ಲ, ಒಂದು ಪಕ್ಕಕ್ಕೇ ಹಾಕಬೇಕು. ಆಗ ಖಾಲಿ ಇರುವ ಪಕ್ಕ ಒಳಗೆ ವಾಲುತ್ತದೆ, ಹಿಡಿದಿರುವ ಪಕ್ಕ ಬಾಯಿ ಬಿಡುತ್ತದೆ.

ಪರಿಹಾರ ಬಹಳ ಹಳೆಯದು. ಅದೇ ದಪ್ಪದ ಇನ್ನೊಂದು ತುಂಡನ್ನು ಆ ಕಡೆಯ ಖಾಲಿ ಬದಿಗೆ ಇಡಿ. ಪ್ರತಿ ಸಲ ತುಂಡು ಹುಡುಕುವುದು ಬೇಜಾರು ಅಂದರೆ ಮೆಟ್ಟಿಲಿನ ಹಾಗೆ ಕೊರೆದ ಒಂದು ಮರದ ತುಂಡು ಮಾಡಿಟ್ಟುಕೊಳ್ಳಿ. 6 ಮಿ.ಮೀ., 12, 18, 25, ಹೀಗೆ ಒಂದೊಂದು ಮೆಟ್ಟಿಲು. ನನ್ನದಕ್ಕೆ ತೂತು ಕೊರೆದು ದಾರ ಕಟ್ಟಿ ಬೆಂಚಿನ ಕಾಲಿಗೇ ತೂಗುಹಾಕಿದ್ದೇನೆ. ಕಟ್ಟದೇ ಇದ್ದಾಗ ಮೂರು ಸಲ ಕಳೆದುಹೋಗಿತ್ತು, ಅದರಲ್ಲಿ ಒಂದು ಸಲ ಒಲೆಗೆ.

ತುಂಡು ಇಟ್ಟ ಮೇಲೂ ದವಡೆ ತಿರುಗಿದರೆ ಗೈಡ್ ರಾಡುಗಳಲ್ಲಿ ಆಟ ಜಾಸ್ತಿ ಆಗಿದೆ ಎಂದರ್ಥ. ದವಡೆಯನ್ನು ಅರ್ಧ ತೆರೆದು ಅದರ ಎರಡೂ ತುದಿ ಹಿಡಿದು ಅಲ್ಲಾಡಿಸಿ. ಸ್ವಲ್ಪ ಅಲ್ಲಾಟ ಎಲ್ಲದರಲ್ಲೂ ಇರುತ್ತದೆ. ಟಕ್ ಟಕ್ ಎಂದು ಬಡಿದುಕೊಳ್ಳುವಷ್ಟಿದ್ದರೆ ರಾಡು ಹಾಯುವ ತೂತುಗಳು ಸವೆದಿವೆ. ಲೇತ್ ಇರುವ ವರ್ಕ್‌ಶಾಪಿನಲ್ಲಿ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಕೊಡುತ್ತಾರೆ. ಆದರೆ ಮೊದಲು ಎಷ್ಟಾಗುತ್ತದೆ ಎಂದು ಕೇಳಿ. ಸಾಧಾರಣ ವೈಸ್ ಆದರೆ ಆ ಕೆಲಸಕ್ಕೆ ಬೀಳುವ ದುಡ್ಡು ಹೊಸದರ ಬೆಲೆಯ ಹತ್ತಿರ ಹೋಗಿಬಿಡಬಹುದು.

ಇನ್ನು ನಿಮ್ಮ ಕೆಲಸವೇ ಅಂಥದ್ದಾಗಿದ್ದರೆ, ಅಂದರೆ ಅಗಲ ಹಲಗೆಗಳ ತುದಿಗೆ ದಿನವೂ ಡವ್‌ಟೇಲ್ (ಪಾರಿವಾಳದ ಬಾಲದಾಕಾರದ ಜೋಡಣೆಯ ಹಲ್ಲು) ಕೊಯ್ಯುವುದಿದ್ದರೆ, ಈ ವೈಸ್ ಜೊತೆ ಗುದ್ದಾಡಬೇಡಿ. ಅದಕ್ಕೆ ಎರಡು ಸ್ಕ್ರೂ ಇರುವ ವೈಸ್ ಬೇಕು. ಹಲಗೆ ಎರಡು ಸ್ಕ್ರೂಗಳ ನಡುವೆ ನೇರವಾಗಿ ನೆಲದವರೆಗೂ ಇಳಿಯುತ್ತದೆ, ಸೊಟ್ಟ ತಿರುಗುವ ಮಾತೇ ಇಲ್ಲ. ಬೆಂಚಿನ ಮೇಲೆ ಇಟ್ಟು ಕ್ಲ್ಯಾಂಪ್ ಹಾಕಿ ಬಳಸುವ ಮಾಕ್ಸನ್ ವೈಸ್ ಇದೇ ಜಾತಿಯದು. 17ನೇ ಶತಮಾನದ ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಎರಡು ದಪ್ಪ ಹಲಗೆ, ಎರಡು ಸ್ಕ್ರೂ, ಎರಡು ನಟ್ ಇದ್ದರೆ ಒಂದು ರಜಾ ದಿನದಲ್ಲಿ ನೀವೇ ಮಾಡಿಕೊಳ್ಳಬಹುದು.

ಹಿಡಿ ತಿರುಗುತ್ತದೆ, ದವಡೆ ಬರುವುದಿಲ್ಲ

ಇದರಲ್ಲಿ ಎರಡು ಬಗೆ. ಬಿಗಿ ಮಾಡುವಾಗ ಬಂದು, ಬಿಚ್ಚುವಾಗ ದವಡೆ ಹಿಂದೆ ಸರಿಯದೆ ಸ್ಕ್ರೂ ಮಾತ್ರ ಈಚೆ ಬಂದರೆ ಸಣ್ಣ ವಿಷಯ. ದವಡೆಯನ್ನು ಸ್ಕ್ರೂ ಜೊತೆಗೆ ಎಳೆದುಕೊಂಡು ಬರುವ ಕಾಲರ್ ಅಥವಾ ಪಿನ್ ಕಳಚಿದೆ. ಮರದ ವೈಸಿನಲ್ಲಾದರೆ ಸ್ಕ್ರೂವಿನ ಕತ್ತಿನ ಗಾಡಿಯಲ್ಲಿ (ಕೊರೆದ ತೋಡಿನಲ್ಲಿ) ಕೂರುವ ತೆಳು ಮರದ ಬಿಲ್ಲೆ ಮುರಿದಿದೆ. ಎರಡೂ ಅಗ್ಗದ ಕೆಲಸ.

ಬಿಗಿ ಮಾಡುವಾಗಲೇ ಕಟಕ್ ಎಂದು ಜಾರಿದರೆ, ಅದೂ ಕ್ವಿಕ್ ರಿಲೀಸ್ ವೈಸ್ ಆದರೆ, ಕಣ್ಣು ಹಾಕಬೇಕಾದದ್ದು ಅರ್ಧ ನಟ್ ಮೇಲೆ. ಈ ವೈಸುಗಳಲ್ಲಿ ನಟ್ ಪೂರ್ತಿ ಬಳೆಯಂತೆ ಇರುವುದಿಲ್ಲ. ಅರ್ಧ ಬಳೆ. ಲಿವರ್ ಒತ್ತಿದರೆ ಸ್ಕ್ರೂವಿನಿಂದ ದೂರ ಸರಿಯುತ್ತದೆ, ಬಿಟ್ಟರೆ ಒಂದು ಸ್ಪ್ರಿಂಗ್ ಅದನ್ನು ಮತ್ತೆ ತಂದು ಕಚ್ಚಿಸುತ್ತದೆ.

ಕೆಳಗೆ ಕೂತು, ಟಾರ್ಚ್ ಹಾಕಿ, ಇನ್ನೊಬ್ಬರಿಗೆ ಹಿಡಿ ತಿರುಗಿಸಲು ಹೇಳಿ. ಬೆರಳು ಮಾತ್ರ ದೂರ ಇರಲಿ. ನಟ್‌ನ ಹಲ್ಲುಗಳ ನಡುವೆ ಮರದ ಹೊಟ್ಟು ಹಳೇ ಗ್ರೀಸ್ ಜೊತೆ ಸೇರಿ ಕರೀ ಬೆಲ್ಲದಂತೆ ಗಟ್ಟಿಯಾಗಿ ಕೂತಿರುವುದೇ ಹೆಚ್ಚು. ಹಲ್ಲು ಒಳಗೆ ಇಳಿಯುವುದಕ್ಕೆ ಜಾಗವೇ ಇರುವುದಿಲ್ಲ, ತುದಿಯಲ್ಲಷ್ಟೇ ಕಚ್ಚಿ ಜಾರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ಗೆ ಸೀಮೆಎಣ್ಣೆ ಅದ್ದಿ ಉಜ್ಜಿ. ಮರದ ಹೆರೆ ಬಿದ್ದಿರುವ ಜಾಗದಲ್ಲಿ ಸೀಮೆಎಣ್ಣೆ ಬಳಸುತ್ತಿದ್ದೀರಿ, ನೆನಪಿರಲಿ. ಮೊದಲು ನೆಲ ಗುಡಿಸಿ, ಕಿಟಕಿ ತೆರೆದಿಡಿ, ಬೀಡಿ ಸಿಗರೇಟು ಬೇಡ.

ತೊಳೆದ ಮೇಲೂ ಜಾರಿದರೆ ಸ್ಪ್ರಿಂಗ್ ನೋಡಿ. ಲಿವರ್ ಬಿಟ್ಟಾಗ ನಟ್ ಟಪ್ ಎಂದು ಕೂರಬೇಕು. ಸೋಮಾರಿಯಂತೆ ನಿಧಾನ ಬಂದರೆ ಸ್ಪ್ರಿಂಗ್ ಸೋತಿದೆ, ಅದೇ ಅಳತೆಯದನ್ನು ಬದಲಿಸಿ.

ಸ್ಪ್ರಿಂಗ್ ಸರಿ ಇದ್ದೂ ಜಾರುತ್ತಿದ್ದರೆ, ಎಲ್ಲ ಕಡೆಯೂ ಜಾರುತ್ತದೋ ಒಂದೇ ಜಾಗದಲ್ಲೋ ನೋಡಿ. 10 ಮಿ.ಮೀ., 30, 60, 120 ಹೀಗೆ ಬೇರೆಬೇರೆ ದಪ್ಪದ ತುಂಡು ಹಿಡಿಸಿ. 30ರ ಆಸುಪಾಸಿನಲ್ಲಿ ಮಾತ್ರ ಜಾರಿದರೆ ಸ್ಕ್ರೂವಿನ ಆ ಭಾಗವೇ ಸವೆದಿದೆ. ನಾವು ಹಿಡಿಯುವ ಹಲಗೆಗಳು ಹೆಚ್ಚುಕಮ್ಮಿ ಒಂದೇ ದಪ್ಪದವು ಅಲ್ವಾ, ಸವೆತವೂ ಅಲ್ಲೇ. ಎಲ್ಲ ಕಡೆ ಜಾರಿದರೆ ನಟ್ ಸವೆದಿದೆ. ನಟ್ ಒಂದೇ ಆದರೆ ಬದಲಿಸುವುದು ಲಾಭ, ಅದೇ ಮಾದರಿಯದು ಸಿಗಬೇಕು ಅಷ್ಟೇ. ಸ್ಕ್ರೂವೂ ಹೋಗಿದ್ದರೆ ವೈಸ್ ಬದಲಿಸಿ. ಗ್ರೀಸಿನಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಸವೆತ ಇನ್ನೂ ನಡೆಯುತ್ತಿದೆ ಎಂದು ತಿಳಿಯಿರಿ.

ತಿರುಗಿಸಲು ಭಾರ, ಅಥವಾ ತಿರುಗುವುದೇ ಇಲ್ಲ

ಹಿಡಿಗೆ ಪೈಪ್ ಸಿಕ್ಕಿಸಿ ಒತ್ತುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮೇಲೆ ಹೇಳಿದ ಲೆಕ್ಕದಲ್ಲಿ 150 ಮಿ.ಮೀ. ಬದಲು 600 ಹಾಕಿ ನೋಡಿ. ಬೀಡು ಕಬ್ಬಿಣ ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಸಿಡಿಯುತ್ತದೆ.

ಬದಲಿಗೆ ಹೀಗೆ ನೋಡಿ. ಹಲಗೆ ಇಡದೆ ಖಾಲಿ ವೈಸನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲ ಕಡೆ ಒಂದೇ ಸಮ ಭಾರ ಇದ್ದರೆ ಕೊಳೆ ಅಥವಾ ಒಣಗಿರುವುದು. ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಭಾರ, ಒಂದೇ ಕಡೆ ಹಗುರ ಅನ್ನಿಸಿದರೆ ಸ್ಕ್ರೂ ಬಾಗಿದೆ. ಒಂದೇ ಒಂದು ಜಾಗದಲ್ಲಿ ತಡೆದರೆ ಅಲ್ಲಿ ಹಲ್ಲಿಗೆ ಪೆಟ್ಟು ಬಿದ್ದಿದೆ, ಸಣ್ಣ ಅರ ಹಾಕಿ ಉಬ್ಬನ್ನು ತೆಗೆಯಬಹುದು.

ಇನ್ನೊಂದು ಕಾರಣ ಇದೆ, ಇದನ್ನು ಯಾರೂ ನೋಡುವುದಿಲ್ಲ. ಬೆಂಚಿಗೆ ಕಟ್ಟಿರುವ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ತಿರುಗಿಸಿ ನೋಡಿ. ಈಗ ಬೆಣ್ಣೆಯಂತೆ ತಿರುಗಿತಾ? ಹಾಗಾದರೆ ಬೆಂಚಿನ ತಳ ಸಮ ಇಲ್ಲ, ಬೋಲ್ಟ್ ಬಿಗಿದಾಗ ವೈಸಿನ ಮೈಯೇ ತಿರುಚಿ ರಾಡುಗಳು ಹಿಡಿದುಕೊಳ್ಳುತ್ತಿವೆ. ಸಂದು ಇರುವ ಮೂಲೆಗೆ ತೆಳು ತಗಡು ಅಥವಾ ವಾಷರ್ ಕೊಟ್ಟು ಬಿಗಿಯಿರಿ. ಇದನ್ನು ನೋಡದೆ ಎಣ್ಣೆ ಸುರಿದವರನ್ನು ನಾನು ಕಂಡಿದ್ದೇನೆ. ಎಣ್ಣೆ ನೆಲಕ್ಕೆ ಹೋಯಿತು, ಭಾರ ಹಾಗೇ ಇತ್ತು.

ಕಬ್ಬಿಣದ ಸ್ಕ್ರೂವಿಗೆ ತೊಳೆದ ಮೇಲೆ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ದಪ್ಪ ಬಳಿದರೆ ಹೊಟ್ಟನ್ನು ಕರೆದು ಕೂರಿಸಿದಂತೆ. ರಾಡುಗಳಿಗೆ ಒಣ ಮೇಣ ಉಜ್ಜಿ. ಮರದ ಸ್ಕ್ರೂವಿಗೆ ಮೇಣ ಮಾತ್ರ.  ಗಾಳಿಯಲ್ಲಿ ತೇವ ಹೆಚ್ಚಿದ ದಿನಗಳಲ್ಲಿ ಮರದ ಸ್ಕ್ರೂ ತಾನಾಗಿಯೇ ಬಿಗಿಯಾಗುತ್ತದೆ, ಒಣಗಿದ ಮೇಲೆ ಸರಿಹೋಗುತ್ತದೆ. ಅವಸರಪಟ್ಟು ಹಲ್ಲು ಕೆರೆಯಬೇಡಿ.

ತುಕ್ಕು ಹಿಡಿದು ಕೂತುಬಿಟ್ಟಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ತಿರುಗಿಸುತ್ತಾ ಬಿಡಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ. ಕಬ್ಬಿಣ ಕಾಯಿಸುವುದು, ಗ್ರೈಂಡರ್ ಹಾಕುವುದು ಏನಿದ್ದರೂ ಮರದ ಪುಡಿ ಇರುವ ಕೋಣೆಯಿಂದ ಹೊರಗೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಬಿಗಿ ಇದೆ, ಆದರೂ ಎಲ್ಲ ಅಲ್ಲಾಡುತ್ತದೆ

ನನ್ನ ಕತೆ ಇಲ್ಲಿಗೆ ಬಂತು. 9 ಇಂಚಿನ ಹೊಸ ವೈಸ್ ಹಾಕಿ, ಅದೂ ಜಾರಿ, ತಲೆ ಕೆಟ್ಟು ಬೆಂಚಿನ ಕೆಳಗೆ ಮಲಗಿದೆ. ಮಗನಿಗೆ ಕೀಸುಳಿ ಹೊಡೆಯಲು ಹೇಳಿದೆ. ಅವನು ಒಂದೊಂದು ಸಲ ತಳ್ಳಿದಾಗಲೂ ಹಿಂದಿನ ದವಡೆಗೂ ಬೆಂಚಿನ ತಳಕ್ಕೂ ನಡುವೆ ಒಂದು ಕಪ್ಪು ಗೆರೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮೀನಿನ ಬಾಯಿಯಂತೆ. ಪ್ರತಿ ಸಲ ಮುಚ್ಚಿದಾಗ ಚೂರು ಹೊಟ್ಟು ನನ್ನ ಮುಖಕ್ಕೆ ಉದುರುತ್ತಿತ್ತು.

ಹಳೇ ವೈಸಿನ ತೂತುಗಳಲ್ಲೇ, ಮರಕ್ಕೆ ಹಾಕುವ ಹಳೇ ಸ್ಕ್ರೂಗಳನ್ನೇ ಹಾಕಿದ್ದೆ. ನಾಲ್ಕರಲ್ಲಿ ಎರಡು ಬೆರಳಲ್ಲೇ ತಿರುಗಿದವು. ತೂತಿನ ಒಳಗಿನ ಮರ ಪುಡಿಯಾಗಿತ್ತು.

ನಿಮ್ಮದನ್ನೂ ಹೀಗೇ ನೋಡಿ. ಕೀಸುವಾಗ ಹಿಂದಿನ ದವಡೆ ಮತ್ತು ಬೆಂಚಿನ ನಡುವೆ ಬೆರಳುಗುರು ಇಡಿ. ಮಿಸುಕಾಟ ಗೊತ್ತಾದರೆ ಕಟ್ಟು ಸಡಿಲವಾಗಿದೆ. ತೂತಿಗೆ ಅಂಟು ಹಾಕಿ ಗೂಟ ಹೊಡೆದು ಮತ್ತೆ ಸ್ಕ್ರೂ ಹಾಕಬಹುದು. ಆದರೆ ಗಟ್ಟಿ ದಾರಿ ಬೇರೆ: ಬೆಂಚಿನ ಮೇಲಿಂದ ಕೆಳಗಿನವರೆಗೆ ತೂರಿಹೋಗುವ ಬೋಲ್ಟ್, ಕೆಳಗೆ ಅಗಲ ವಾಷರ್, ನಟ್. ಬೋಲ್ಟಿನ ತಲೆಯನ್ನು ಬೆಂಚಿನ ಮೈಗಿಂತ ಆಳಕ್ಕೆ ಇಳಿಸಿ ಮೇಲೆ ಮರದ ಬಿರಟೆ ಹೊಡೆದುಬಿಡಿ. ಕೀಸುಳಿಯ ಬಾಯಿಗೆ ಬೋಲ್ಟಿನ ತಲೆ ಎಂದೂ ಸಿಗಬಾರದು.

ಬೆಂಚಿನ ಹಲಗೆ ತೆಳ್ಳಗಿದ್ದರೆ ಬೋಲ್ಟ್ ಹಾಕಿದರೂ ಬಾಗುತ್ತದೆ. ವೈಸ್ ಕೂರುವ ಜಾಗದಲ್ಲಿ ಕೆಳಗಿನಿಂದ ದಪ್ಪ ಮರದ ತುಂಡು ಅಂಟಿಸಿ, ಅದಕ್ಕೆ ವೈಸ್ ಕಟ್ಟಿ. ಈ ತುಂಡಿನ ದಪ್ಪವೇ ದವಡೆ ಎಷ್ಟು ಮೇಲೆ ಬರಬೇಕು ಎಂಬುದನ್ನೂ ತೀರ್ಮಾನಿಸುತ್ತದೆ. ಕಬ್ಬಿಣದ ಅಂಚು ಬೆಂಚಿನ ಮೈಗಿಂತ 10-12 ಮಿ.ಮೀ. ಕೆಳಗೇ ಇರಲಿ, ಅದರ ಮೇಲೆ ಮರದ ಪಟ್ಟಿ ಬೆಂಚಿನ ಸಮಕ್ಕೆ ಬರಲಿ.

ವೈಸ್ ಅಲ್ಲಾಡದೆ ಬೆಂಚೇ ಓಲಾಡಿದರೆ ಅದು ಕಾಲಿನ ಜೋಡಣೆಯ ಪ್ರಶ್ನೆ, ವೈಸ್ ಬದಲಿಸಿ ಪ್ರಯೋಜನ ಇಲ್ಲ.

ಉದ್ದ ಹಲಗೆಯ ಆ ತುದಿ ತೂಗಾಡುತ್ತದೆ

ಹಿಂದಿನ ದವಡೆಯ ಮುಖ ಬೆಂಚಿನ ಮುಂದಂಚಿಗೆ ಸಮವಾಗಿದೆಯಾ ನೋಡಿ. ನೇರ ಪಟ್ಟಿಯೊಂದನ್ನು ಅಡ್ಡ ಇಟ್ಟರೆ ಗೊತ್ತಾಗುತ್ತದೆ. ದವಡೆ ಈಚೆ ಚಾಚಿದ್ದರೆ ಉದ್ದ ಹಲಗೆ ಬೆಂಚಿನ ಅಂಚಿಗೆ ಒರಗುವುದೇ ಇಲ್ಲ, ಗಾಳಿಯಲ್ಲಿ ನಿಂತಿರುತ್ತದೆ. ಬೆಂಚಿನ ಅಂಚನ್ನು ಕೊರೆದು ದವಡೆಯನ್ನು ಒಳಗೆ ಕೂರಿಸಿ. ಅಷ್ಟು ಕೆಲಸ ಬೇಡವೆಂದರೆ ಚಾಚಿದಷ್ಟೇ ದಪ್ಪದ ಪಟ್ಟಿಯನ್ನು ಬೆಂಚಿನ ಅಂಚಿನುದ್ದಕ್ಕೂ ಹೊಡೆಯಿರಿ. ಆ ತುದಿಗೆ ಕೆಳಗಿನಿಂದ ಆಸರೆಯಾಗಿ ಬೆಂಚಿನ ಕಾಲಿಗೆ ತೂತು ಕೊರೆದು ಒಂದು ಗೂಟ ಸಿಕ್ಕಿಸಿಕೊಳ್ಳಿ.

ಹಿಡಿದ ಜಾಗದಲ್ಲಿ ಮರಕ್ಕೆ ಗುರುತು ಬೀಳುತ್ತದೆ

ಲೋಹದ ಕೆಲಸದ ವೈಸನ್ನು ಮರದ ಬೆಂಚಿಗೆ ಹಾಕಿಕೊಂಡಿದ್ದರೆ ಗುರುತು ಬೀಳದೆ ಇನ್ನೇನು? ಅದರ ದವಡೆಯಲ್ಲಿ ಹಲ್ಲುಗಳಿವೆ, ಅದೂ ಕಿರಿದು, ಬೆಂಚಿನಿಂದ ಎತ್ತರದಲ್ಲಿ ಬೇರೆ. ಮರದ ಕೆಲಸಕ್ಕೆ ಅದನ್ನು ಬಿಡಿ. ಮರದ ಕೆಲಸದ ವೈಸೇ ಆಗಿದ್ದರೆ ಪಟ್ಟಿಯ ಸ್ಕ್ರೂ ತಲೆ ಮೇಲೆ ಬಂದಿದೆಯಾ, ಒಣಗಿದ ಅಂಟಿನ ಹನಿ ಇದೆಯಾ ಎಂದು ಅಂಗೈ ಸವರಿ ನೋಡಿ. ಪಟ್ಟಿ 18-20 ಮಿ.ಮೀ. ದಪ್ಪ ಇದ್ದು, ಸ್ಕ್ರೂಗಳನ್ನು ದವಡೆಯ ಹಿಂದಿನಿಂದ ಹಾಕಿದರೆ ಈ ತೊಂದರೆಯೇ ಇಲ್ಲ.

ಲೆಗ್ ವೈಸ್ ಕೆಳಗೆ ಕಚ್ಚುತ್ತದೆ, ಮೇಲೆ ಬಿಡುತ್ತದೆ

ಬೆಂಚಿನ ಕಾಲಿಗೇ ಕಟ್ಟಿದ, ಉದ್ದ ದವಡೆಯ ವೈಸ್ ಇದು. ಕೆಳಗೆ ತೂತುಗಳಿರುವ ಒಂದು ಪಟ್ಟಿ, ಅದಕ್ಕೊಂದು ಪಿನ್. ದೂರು ಬಂದರೆ ಹತ್ತಕ್ಕೆ ಒಂಬತ್ತು ಸಲ ಪಿನ್ ತಪ್ಪು ತೂತಿನಲ್ಲಿದೆ. ಕೆಳಗಿನ ಸಂದು ಹಲಗೆಯ ದಪ್ಪಕ್ಕಿಂತ ಚೂರು ಹೆಚ್ಚಿರಬೇಕು. ಆಗ ದವಡೆಯ ಮೇಲಂಚು ಮೊದಲು ಬಂದು ಕಚ್ಚುತ್ತದೆ. ಸಂದು ಕಡಿಮೆ ಆದರೆ ದವಡೆ ಕೆಳಗೇ ಮುಚ್ಚಿಕೊಂಡು ಮೇಲೆ ಬಾಯಿ ಬಿಡುತ್ತದೆ. ಸಂದು ಹೆಚ್ಚುವ ಕಡೆಗೆ ಪಿನ್ ಒಂದು ತೂತು ಸರಿಸಿ ಹಾಕಿದರೆ ಮುಗಿಯಿತು.

ತೂತುಗಳು ದೂರದೂರ ಇದ್ದು ಒಂದರಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ ಆಗುತ್ತಿದ್ದರೆ, ಈಗಿರುವ ಸಾಲಿನ ಕೆಳಗೆ ಅರ್ಧ ಅಂತರ ಸರಿಸಿ ಇನ್ನೊಂದು ಸಾಲು ಕೊರೆಯಿರಿ. ಪ್ರತಿ ಸಲ ಬಗ್ಗಿ ಪಿನ್ ಬದಲಿಸುವುದು ಸೊಂಟಕ್ಕೆ ಆಗದವರಿಗೆ ಕತ್ತರಿಯಂತೆ ಮಡಚುವ ಎರಡು ಕಬ್ಬಿಣದ ತೋಳುಗಳ ಹಾರ್ಡ್‌ವೇರ್ ಸಿಗುತ್ತದೆ. ದವಡೆ ಎಷ್ಟೇ ತೆರೆದರೂ ಅದು ನೆಟ್ಟಗೇ ಉಳಿಯುತ್ತದೆ. ಆದರೆ ಅದಕ್ಕೆ ಕಾಲಿನಲ್ಲಿ ಉದ್ದ ಗಾಡಿ ಕೊರೆಯಬೇಕು. ಕಾಲು ತೆಳ್ಳಗಿದ್ದರೆ ಕೈ ಹಾಕಬೇಡಿ.

ಬೆಂಚಿನ ತುದಿಯ ವೈಸ್, ಡಾಗ್, ಹೋಲ್ಡ್‌ಫಾಸ್ಟ್

ತೆಳು ಹಲಗೆಯನ್ನು ಬೆಂಚಿನ ತೂತುಗಳಿಗೆ ಇಳಿಸಿದ ಎರಡು ತಡೆಗೂಟಗಳ, ಅಂದರೆ ಡಾಗ್‌ಗಳ ನಡುವೆ ಬಿಗಿದು ಸಮ ಮಾಡಿದಿರಿ. ಮೂಲೆಮಟ್ಟದ ಅಂಚು ಇಟ್ಟು ನೋಡಿದರೆ ಸಮವಾಗಿಯೇ ಇದೆ. ವೈಸ್ ಬಿಚ್ಚಿದ ತಕ್ಷಣ ನಡುವೆ ತಗ್ಗು! ಕೀಸುಳಿಯನ್ನು ಬೈಯಬೇಡಿ. ಬಿಗಿ ಜಾಸ್ತಿಯಾಗಿ ಹಲಗೆ ನಡುವೆ ಉಬ್ಬಿತ್ತು, ಆ ಉಬ್ಬನ್ನು ನೀವು ಕೀಸಿದಿರಿ. ಹಲಗೆ ಅಲ್ಲಾಡದಷ್ಟು ಬಿಗಿ ಸಾಕು. ಎರಡು ಬೆರಳಿನ ಬಿಗಿ.

ಬಿಗಿ ಮಾಡಿದಾಗ ಹಲಗೆಯ ತುದಿ ಮೇಲೇಳುತ್ತಿದ್ದರೆ ಡಾಗ್‌ಗಳು ಹಿಂದಕ್ಕೆ ವಾಲುತ್ತಿವೆ. ಚೌಕ ಡಾಗ್‌ಗಳ ತೂತನ್ನು ಎರಡು ಮೂರು ಡಿಗ್ರಿ ಹಲಗೆಯ ಕಡೆಗೆ ವಾಲಿಸಿ ಕೊರೆಯುವುದು ಇದಕ್ಕೇ. ದುಂಡು ಡಾಗ್ ಆದರೆ ಅಳತೆ ನೋಡಿ. ಮುಕ್ಕಾಲು ಇಂಚು ಅಂದರೆ 19 ಮಿ.ಮೀ. 20 ಮಿ.ಮೀ. ತೂತಿಗೆ ಅದನ್ನು ಹಾಕಿದರೆ ಲೊಡಲೊಡ ಅನ್ನುತ್ತದೆ, 19ರ ತೂತಿಗೆ 20ರದು ಇಳಿಯುವುದೇ ಇಲ್ಲ. ಕೊಳ್ಳುವಾಗ ಎರಡೂ ಒಂದೇ ಥರ ಕಾಣುತ್ತವೆ. ಹೋಗುವಾಗ ಬೆಂಚಿನ ತೂತಿನ ಅಳತೆ ಬರೆದುಕೊಂಡು ಹೋಗಿ.

ಹೋಲ್ಡ್‌ಫಾಸ್ಟ್ ಅಂದರೆ ಬೆಂಚಿನ ತೂತಿಗೆ ಇಳಿಸಿ ಬಡಿದು ಹಲಗೆಯನ್ನು ಅದುಮಿ ಹಿಡಿಯುವ ಬಾಗಿದ ಕಬ್ಬಿಣದ ಕಂಬಿ. ಕೊಡತಿಯಲ್ಲಿ ಬಡಿದರೂ ಅದು ಕಚ್ಚದಿದ್ದರೆ ಕಂಬಿ ತೀರಾ ನುಣುಪಾಗಿದೆ. ಒರಟು ಉಪ್ಪುಕಾಗದದಿಂದ ಅಡ್ಡಡ್ಡ ಉಜ್ಜಿ. ಇದು ತೂತಿನಲ್ಲಿ ಓರೆಯಾಗಿ ಸಿಕ್ಕಿಕೊಂಡೇ ಹಿಡಿಯುವ ಸಾಧನ. ಹಾಗಾಗಿ ಬೆಂಚ್ ಬಹಳ ದಪ್ಪ ಇದ್ದರೆ ಓರೆಯಾಗಲು ಜಾಗ ಸಾಲದೆ ಸೋಲುತ್ತದೆ. ಆಗ ತೂತನ್ನು ಕೆಳಗಿನಿಂದ ಅರ್ಧದವರೆಗೆ ಅಗಲ ಮಾಡಿ.

ಬಿರುಕು ಕಂಡರೆ

ಇಲ್ಲಿ ನಿಲ್ಲಿಸಿ. ವೈಸನ್ನು ಒರೆಸಿ, ಬಿರುಕು ಅನುಮಾನ ಇರುವ ಜಾಗಕ್ಕೆ ಸೀಮೆಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿ. ಸ್ವಲ್ಪ ಹೊತ್ತಿನಲ್ಲಿ ಸುಣ್ಣದ ಮೇಲೆ ತೇವದ ಗೆರೆ ಮೂಡಿದರೆ ಅದು ಗೀರಲ್ಲ, ಬಿರುಕು. ದವಡೆ ಬುಡಕ್ಕೆ ಸೇರುವ ಮೂಲೆ ಮತ್ತು ಬೋಲ್ಟ್ ತೂತಿನ ಸುತ್ತ ಮೊದಲು ನೋಡಿ. ಬೀಡಿಗೆ ಬೆಸುಗೆ ಹಾಕುವುದು ಸಾಮಾನ್ಯ ವೆಲ್ಡಿಂಗ್ ಅಂಗಡಿಯ ಕೆಲಸವಲ್ಲ. ಮೊದಲೇ ಕಾಯಿಸಬೇಕು, ಬೇರೆ ರಾಡು ಬೇಕು, ನಿಧಾನವಾಗಿ ಆರಿಸಬೇಕು. ಇಲ್ಲದಿದ್ದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬೀಡಿನ ಕೆಲಸ ಗೊತ್ತಿರುವವರಿಗೇ ಕೊಡಿ. ಅಂಥವರು ಸಿಗದಿದ್ದರೆ ಗುಜರಿಗೆ ಹಾಕಿ. ಸುಮ್ನೆ ಅಂಟು ತುಂಬಿ ಬಣ್ಣ ಬಳಿದು ಬಳಸಬೇಡಿ.

ಬದಲಿಸಲೇಬೇಕು ಅಂತ ಆದರೆ

ಹಲಗೆಯ ಅಂಚು ಕೀಸುವುದು, ಸಣ್ಣ ತುಂಡು ಕೊಯ್ಯುವುದು, ಎಲ್ಲ ಸ್ವಲ್ಪಸ್ವಲ್ಪ ಮಾಡುವವರಿಗೆ ಕಬ್ಬಿಣದ ಕ್ವಿಕ್ ರಿಲೀಸ್ ವೈಸ್ ಸಾಕು. 7 ಇಂಚು ಚಿಕ್ಕ ಬೆಂಚಿಗೆ, 9 ಇಂಚು ದೊಡ್ಡದಕ್ಕೆ. ಅದಕ್ಕಿಂತ ದೊಡ್ಡದನ್ನು ತಂದರೆ ತೂಕ ಏರುತ್ತದೆ, ಕೆಲಸ ಅಷ್ಟೇ. ಅಗಲ, ದಪ್ಪ ಮರವನ್ನು ಗಟ್ಟಿಯಾಗಿ ಹಿಡಿಯಬೇಕೆಂದರೆ ಲೆಗ್ ವೈಸ್ ಒಳ್ಳೆಯದು. ಅದಕ್ಕೆ ಬೆಂಚಿನ ಕಾಲು ಮುಂದಂಚಿಗೆ ಸಮ ಇರಬೇಕು. ಕಾಲು ಒಳಗೆ ಸರಿದಿದ್ದರೆ ಆ ಆಸೆ ಬಿಡಿ. ಒಂದೇ ವೈಸ್ ಕೊಳ್ಳಲು ದುಡ್ಡಿದ್ದರೆ ಬೆಂಚಿನ ಮುಂದಂಚಿಗೆ ಹಾಕುವುದನ್ನೇ ತನ್ನಿ. ತುದಿಯ ವೈಸ್ ಇಲ್ಲದೆ ಒಂದು ತಡೆಗೂಟ, ಎರಡು ಹೋಲ್ಡ್‌ಫಾಸ್ಟ್ ಇಟ್ಟುಕೊಂಡು ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ.

ಅಂಗಡಿಗೆ ಹೋಗುವ ಮುನ್ನ ಬೆಂಚಿನ ಕೆಳಗೆ ಅಳತೆ ತೆಗೆದುಕೊಳ್ಳಿ. ಹಲಗೆಯ ದಪ್ಪ ಎಷ್ಟು, ಮುಂದಂಚಿನಿಂದ ಹಿಂದಕ್ಕೆ ಅಡ್ಡಪಟ್ಟಿ ಎಷ್ಟು ದೂರ ಇದೆ. ದವಡೆ ಮುಚ್ಚಿದಾಗ ಸ್ಕ್ರೂ, ರಾಡು ಎಲ್ಲ ಹಿಂದಕ್ಕೆ ಚಾಚುತ್ತವೆ. ಅವು ಅಡ್ಡಪಟ್ಟಿಗೆ ಬಡಿದರೆ ಪಟ್ಟಿ ಕೊರೆಯಬೇಕು, ಇಲ್ಲವೇ ವೈಸ್ ವಾಪಸ್. ಬಲಗೈಯವರಾದರೆ ಮುಂದಿನ ವೈಸ್ ಬೆಂಚಿನ ಎಡ ತುದಿಗೆ ಬರಲಿ, ಎಡಗೈಯವರಿಗೆ ಉಲ್ಟಾ.

ಹಳೆಯದನ್ನು ಕೊಳ್ಳುವುದಾದರೆ ಜೇಬಿನಲ್ಲಿ ಟಾರ್ಚ್, ಒಂದು ಸೀಮೆಸುಣ್ಣ, ಪೇಪರ್ ಚೂರು, ಸಮನಾದ ಒಂದು ಮರದ ತುಂಡು ಇಟ್ಟುಕೊಂಡು ಹೋಗಿ. ತುಂಡು ಕಚ್ಚಿಸಿ, ನಾಲ್ಕು ಮೂಲೆಯಲ್ಲಿ ಪೇಪರ್ ಎಳೆದು ನೋಡಿ. ಹಿಡಿಯನ್ನು ಹಿಂದೆ ತಿರುಗಿಸಿ, ದವಡೆ ಕದಲುವ ಮೊದಲು ಎಷ್ಟು ಸುತ್ತು ಸುಮ್ಮನೆ ಹೋಗುತ್ತದೆ ಎಣಿಸಿ. ಕಾಲು ಸುತ್ತು ಪರವಾಗಿಲ್ಲ. ಒಂದು ಪೂರ್ತಿ ಸುತ್ತು ಹೋದರೆ ನಟ್‌ನ ಬೆಲೆಯನ್ನು ಹೇಳಿದ ಬೆಲೆಯಿಂದ ಕಳೆದು ಮಾತಾಡಿ. ಹೊಸದಾಗಿ ಬಣ್ಣ ಬಳಿದದ್ದಾದರೆ ದವಡೆಯ ಬುಡದಲ್ಲಿ ಬಣ್ಣ ದಪ್ಪಗಿದೆಯಾ ಎಂದು ಉಗುರಿನಲ್ಲಿ ಕೆರೆದು ನೋಡಿ. ಮಾರುವವರು ಬೇಡ ಅಂದರೆ ಅಲ್ಲಿಂದ ಹೊರಡಿ.